ಪೈಲಟ್‌ಗಳ ಕೊರತೆ ಇದೆಯಂತೆ, ಮಗನನ್ನು ಓದಿಸಲು ಜಮೀನು ಅಡ ಇಡಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ ಸರ್. ಮದ್ದೂರು ಹತ್ತಿರದ ಹಳ್ಳಿ. ಮಗ ಸೆಕೆಂಡ್ ಪಿಯುಸಿ ಸೈನ್ಸ್, ಪೈಲಟ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ದೇಶದಲ್ಲಿ ಪೈಲಟ್‌ಗಳೇ ಸಿಗುತ್ತಿಲ್ಲ ಅಂತ ಪೇಪರ್‌ನಲ್ಲಿ ಬಂದಿದೆ. ಎರಡು ಎಕರೆ ನೀರಾವರಿ ಜಮೀನು ಅಡ ಇಟ್ಟು ಓದಿಸಿದರೆ ಕೆಲಸ ಗ್ಯಾರಂಟಿನಾ, ಮೈಸೂರಿಗೆ ಬರುವಂಥ ಸಣ್ಣ ವಿಮಾನಗಳ ಕಂಪನಿಯಲ್ಲಿ ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀರಿ.

ನಾನು ಅಂಥದೇ ಸಣ್ಣ ವಿಮಾನ ಹಾರಿಸುವವಳು. ಎಟಿಆರ್ 72. ಎರಡೂ ರೆಕ್ಕೆಗೆ ದೊಡ್ಡ ಫ್ಯಾನ್ ಇರುತ್ತದಲ್ಲ, ಎಪ್ಪತ್ತು ಚಿಲ್ಲರೆ ಜನ ಕೂರುವ ವಿಮಾನ, ಅದು. ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿದೆ. ನಮ್ಮಪ್ಪನದು ಆಲೆಮನೆ. ನನ್ನ ಓದಿಗೂ ಗದ್ದೆ ಅಡ ಇಟ್ಟಿದ್ದರು. ಬಿಡಿಸಿಕೊಳ್ಳಲು ಏಳು ವರ್ಷ ಹಿಡಿಯಿತು. ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ಪೇಪರ್‌ನಲ್ಲಿ ಓದಿದ ಕೊರತೆಯನ್ನು ನಂಬಿ ಜಮೀನು ಅಡ ಇಡಬೇಡಿ. ಕೊರತೆ ಇರುವುದು ನಿಜ. ಆದರೆ ಅದು ನಿಮ್ಮ ಮಗ ಇನ್ನು ಎರಡು ಮೂರು ವರ್ಷದಲ್ಲಿ ಆಗಬಹುದಾದ ಪೈಲಟ್‌ನ ಕೊರತೆ ಅಲ್ಲ.

ಕಾಕ್‌ಪಿಟ್‌ನಲ್ಲಿ ಎಡಗಡೆ ಕೂರುವವರು ಕ್ಯಾಪ್ಟನ್, ಬಲಗಡೆ ಕೂರುವವರು ಫಸ್ಟ್ ಆಫೀಸರ್. ಕಂಪನಿಗಳು ಪರದಾಡುತ್ತಿರುವುದು ಎಡಗಡೆ ಸೀಟಿಗೆ. ನಿಮ್ಮ ಮಗ ಕಮರ್ಷಿಯಲ್ ಲೈಸೆನ್ಸ್, ಅಂದರೆ ಸಿಪಿಎಲ್ ತಗೊಂಡು ಬಂದಾಗ ಅವನ ಲಾಗ್‌ಬುಕ್‌ನಲ್ಲಿ 200 ಗಂಟೆ ಇರುತ್ತದೆ. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಲು ಎಟಿಪಿಎಲ್ ಅನ್ನುವ ಇನ್ನೂ ಮೇಲಿನ ಲೈಸೆನ್ಸ್ ಬೇಕು, ಅದಕ್ಕೆ ಕನಿಷ್ಠ 1,500 ಗಂಟೆ ಆಗಬೇಕು. ಯಾರಾದರೂ ಬಲಗಡೆ ಸೀಟು ಕೊಟ್ಟರೆ ತಾನೇ ಆ ಗಂಟೆ ತುಂಬುವುದು? 2023ರಲ್ಲಿ ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಂದೇ ವರ್ಷದಲ್ಲಿ 1,600ಕ್ಕೂ ಹೆಚ್ಚು ಸಿಪಿಎಲ್ ಕೊಟ್ಟಿತು. ಅಷ್ಟೂ ಜನಕ್ಕೆ ತಕ್ಷಣ ಸೀಟು ಸಿಗಲಿಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಫ್ಯಾಕ್ಟರಿ ಕೇಳುತ್ತಿರುವುದು ಹನ್ನೆರಡು ತಿಂಗಳು ಬೆಳೆದ ಕಬ್ಬು. ಈಗ ತಾನೇ ಮೊಳಕೆ ಬಂದದ್ದಲ್ಲ.

ಇನ್ನೊಂದು ಗಂಟು ಇದೆ. ಸಿಪಿಎಲ್ ಇದ್ದ ಮಾತ್ರಕ್ಕೆ ಯಾವ ವಿಮಾನ ಬೇಕಾದರೂ ಹಾರಿಸುವ ಹಾಗಿಲ್ಲ. ಒಂದೊಂದು ಮಾದರಿಯ ವಿಮಾನಕ್ಕೂ ಬೇರೆ ಟೈಪ್ ರೇಟಿಂಗ್, ಅಂದರೆ ಅದನ್ನು ಹಾರಿಸಲು ಪ್ರತ್ಯೇಕ ತರಬೇತಿ ಮತ್ತು ಅನುಮತಿ ಬೇಕು. ಏರ್‌ಬಸ್ 320ಕ್ಕೆ ಟೈಪ್ ರೇಟಿಂಗ್ ಮಾಡಿಸಿಕೊಂಡವನು ಎಟಿಆರ್ ಮುಟ್ಟುವ ಹಾಗಿಲ್ಲ, ಎಟಿಆರ್ ಮಾಡಿದವನು ಏರ್‌ಬಸ್ ಮುಟ್ಟುವ ಹಾಗಿಲ್ಲ. ಅದಕ್ಕೆ ಸಿಪಿಎಲ್‌ನ ಖರ್ಚಿನ ಮೇಲೆ ಮತ್ತೆ ಲಕ್ಷಗಟ್ಟಲೆ ಬೇಕು. ಕೆಲವು ಕಂಪನಿ ತಾನೇ ಮಾಡಿಸಿ ಬಾಂಡ್ ಬರೆಸಿಕೊಳ್ಳುತ್ತದೆ, ಕೆಲವು ನಿಮ್ಮ ದುಡ್ಡಿನಲ್ಲೇ ಮಾಡಿಸು ಅನ್ನುತ್ತದೆ. ನನ್ನ ಬ್ಯಾಚಿನ ಒಬ್ಬ ಹುಡುಗ ಕೆಲಸ ಸಿಗುವ ಮೊದಲೇ ಏರ್‌ಬಸ್ ರೇಟಿಂಗ್ ಮಾಡಿಸಿಕೊಂಡ. ಆಮೇಲೆ ಎರಡು ವರ್ಷ ಯಾರೂ ಏರ್‌ಬಸ್‌ಗೆ ಹೊಸಬರನ್ನು ತಗೊಳ್ಳಲಿಲ್ಲ. ಅವನು ಬಡ್ಡಿ ಕಟ್ಟುತ್ತಾ ಕೂತ.

ನಾನೂ ಕೂತೆ. ಲೈಸೆನ್ಸ್ ಬಂದ ಮೇಲೆ ಎರಡೂವರೆ ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪಿಯು ಹುಡುಗರಿಗೆ ಫಿಸಿಕ್ಸ್ ಟ್ಯೂಷನ್ ಹೇಳಿಕೊಟ್ಟೆ. ಲೈಸೆನ್ಸ್ ಜೀವಂತವಾಗಿಡಲು ಅದರ ನಡುವೆಯೂ ಖರ್ಚು ಇದ್ದೇ ಇತ್ತು. ಮೆಡಿಕಲ್ ರಿನ್ಯೂ ಮಾಡಿಸಬೇಕು, ಹಾರಾಟ ಬಿಟ್ಟು ಜಾಸ್ತಿ ದಿನವಾದರೆ ಮತ್ತೆ ದುಡ್ಡು ಕೊಟ್ಟು ಹಾರಿ ತೋರಿಸಬೇಕು. ಊರಿಗೆ ಹೋದರೆ "ಏನವ್ವಾ, ಇಮಾನ ಸಿಕ್ತಾ?" ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೂ ಊರಿಗೆ ಹೋಗುವುದನ್ನು ಕಡಿಮೆ ಮಾಡಿಬಿಟ್ಟೆ. ನಿಮ್ಮ ಲೆಕ್ಕದಲ್ಲಿ ಈ ಎರಡೂವರೆ ವರ್ಷವನ್ನೂ ಸೇರಿಸಿಕೊಳ್ಳಿ. ಕೋಚಿಂಗ್‌ನವರು ಇದನ್ನು ಹೇಳುವುದಿಲ್ಲ.

ಈಗ ಸಣ್ಣ ಕಂಪನಿಗಳ ವಿಷಯ. ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಜಾಸ್ತಿ ಹಾರುವ ಹಾಗಿಲ್ಲ ಅಂತ ಕಾನೂನಿದೆ. ಒಂದು ವಿಮಾನ ದಿನಕ್ಕೆ ಹತ್ತು ಗಂಟೆ ಹಾರಿದರೆ ವರ್ಷಕ್ಕೆ 3,650 ಗಂಟೆ. ಬರೀ ಭಾಗಾಕಾರ ಮಾಡಿದರೆ ನಾಲ್ಕು ಜೋಡಿ ಪೈಲಟ್ ಸಾಕು ಅನಿಸುತ್ತದೆ. ಆದರೆ ರಜೆ ಇದೆ, ಜ್ವರ ಇದೆ, ಸಿಮ್ಯುಲೇಟರ್ ತರಬೇತಿ ಇದೆ, ಸ್ಟ್ಯಾಂಡ್‌ಬೈ ಇದೆ. ಐದಾರು ಜೋಡಿ ಇದ್ದರೆ ಮಾತ್ರ ಉಸಿರಾಡಬಹುದು. ನೂರಾರು ವಿಮಾನ ಇರುವ ಕಂಪನಿಯಲ್ಲಿ ಹತ್ತು ಕ್ಯಾಪ್ಟನ್ ಬಿಟ್ಟು ಹೋದರೂ ಹೇಗೋ ಸರಿದೂಗುತ್ತದೆ. ಐದು ವಿಮಾನದ ಕಂಪನಿಯಲ್ಲಿ ಇಬ್ಬರು ಹೋದರೆ ಉಳಿದವರ ರಜೆ ಕ್ಯಾನ್ಸಲ್. ಮೂರನೆಯವರು ಹೋದರೆ ಒಂದು ಊರಿನ ವಿಮಾನವೇ ಕ್ಯಾನ್ಸಲ್.

ಹೋಗುವುದಂತೂ ಹೋಗುತ್ತಾರೆ. ದೊಡ್ಡ ಕಂಪನಿಯವರು ಜೆಟ್ ಕೊಡುತ್ತಾರೆ, ಸಂಬಳವೂ ಜಾಸ್ತಿ. ಸಣ್ಣ ಕಂಪನಿ ಹುಡುಗರನ್ನು ತಗೊಂಡು, ಕಲಿಸಿ, 1,500 ಗಂಟೆ ತುಂಬಿಸುವಷ್ಟರಲ್ಲಿ ದೊಡ್ಡವರು ಕರೆದುಕೊಂಡು ಹೋಗಿರುತ್ತಾರೆ. ಇದನ್ನು ತಡೆಯಲು 2017ರಿಂದ ಒಂದು ನಿಯಮ ಇದೆ. ಕೆಲಸ ಬಿಡಬೇಕೆಂದರೆ ಕ್ಯಾಪ್ಟನ್ ಒಂದು ವರ್ಷ ಮೊದಲು ನೋಟಿಸ್ ಕೊಡಬೇಕು, ಫಸ್ಟ್ ಆಫೀಸರ್ ಆರು ತಿಂಗಳು ಮೊದಲು. ಇನ್ಯಾವ ಕೆಲಸದಲ್ಲಿ ಒಂದು ವರ್ಷ ನೋಟಿಸ್ ಇದೆ ಹೇಳಿ. ನನ್ನ ಅಭಿಪ್ರಾಯ ಕೇಳಿದರೆ ಇದು ತಪ್ಪು ಔಷಧ. ಕಟ್ಟಿಹಾಕಿದರೆ ಹೋಗುವವನು ತಡವಾಗಿ ಹೋಗುತ್ತಾನೆ, ಅಷ್ಟೇ. ಅವನು ಯಾಕೆ ಹೋಗುತ್ತಿದ್ದಾನೆ ಅಂತ ಯಾರೂ ಕೇಳುವುದಿಲ್ಲ.

ಯಾಕೆ ಅಂತ ಗೊತ್ತಾಗಬೇಕಾದರೆ ಒಂದು ದಿನ ನೋಡಿ. ಬೆಳಗಿನ ಮೊದಲ ವಿಮಾನ 5:50ಕ್ಕೆ. ಅಲಾರಂ 2:45ಕ್ಕೆ. ಕ್ಯಾಬ್ 3:30ಕ್ಕೆ. 4:50ರ ಹೊತ್ತಿಗೆ ಸೈನ್ ಆನ್ ಮಾಡಿ ಉಸಿರಿನ ಪರೀಕ್ಷೆಗೆ ಊದಬೇಕು. ಹಿಂದಿನ ರಾತ್ರಿ ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕುಡಿದಿದ್ದರೂ ತೊಂದರೆ. ಆಮೇಲೆ ಹವಾಮಾನ, ಇಂಧನ, ಭಾರದ ಲೆಕ್ಕ. ಬೆಂಗಳೂರಿಂದ ಒಂದು ಊರು, ವಾಪಸ್, ಇನ್ನೊಂದು ಊರು, ವಾಪಸ್. ನಾಲ್ಕು ಸೆಕ್ಟರ್, ನಾಲ್ಕು ಟೇಕಾಫ್, ನಾಲ್ಕು ಲ್ಯಾಂಡಿಂಗ್. ಕೆಲವು ದಿನ ಆರು.

ಬೆಂಗಳೂರು-ದೆಹಲಿ ಹೋಗಿಬರುವ ಜೆಟ್ ಪೈಲಟ್‌ಗೆ ಎರಡೇ ಲ್ಯಾಂಡಿಂಗ್, ಐದೂವರೆ ಗಂಟೆ ಹಾರಾಟ ಲೆಕ್ಕಕ್ಕೆ ಬರುತ್ತದೆ. ನಮಗೆ ನಾಲ್ಕು ಲ್ಯಾಂಡಿಂಗ್ ಆದರೂ ಸಿಗುವುದು ಮೂರೂವರೆ, ನಾಲ್ಕು ಗಂಟೆ. ಉಳಿದ ಹೊತ್ತು ನೆಲದ ಮೇಲೆ. ನಾನು ಕೆಲಸ ಮಾಡಿದ ಕಡೆ ಸಂಬಳದ ಒಳ್ಳೆಯ ಪಾಲು ಹಾರಿದ ಗಂಟೆಯ ಲೆಕ್ಕದಲ್ಲಿತ್ತು. ಡ್ಯೂಟಿ ಹತ್ತು ಗಂಟೆ, ದುಡ್ಡು ನಾಲ್ಕು ಗಂಟೆಗೆ. ಕಷ್ಟವೆಲ್ಲ ಟೇಕಾಫ್ ಮತ್ತು ಲ್ಯಾಂಡಿಂಗ್‌ನಲ್ಲೇ ಇರುವುದು ಸರ್. ಮೇಲೆ ಹೋದ ಮೇಲೆ ಒಂದು ಕಾಫಿ ಕುಡಿಯಬಹುದು. ನಮಗೆ ಆ ಮೇಲೆ ಅನ್ನುವುದೇ ಇಪ್ಪತ್ತು ನಿಮಿಷ.

ನೆಲದ ಮೇಲಿನ ಹೊತ್ತೂ ವಿಶ್ರಾಂತಿ ಅಲ್ಲ. ದೊಡ್ಡ ಜೆಟ್‌ಗಳ ಬಾಲದಲ್ಲಿ ಎಪಿಯು ಅಂತ ಒಂದು ಪುಟ್ಟ ಎಂಜಿನ್ ಇರುತ್ತದೆ. ವಿಮಾನ ನಿಂತಾಗ ಕರೆಂಟು, ಎಸಿ ಅದರಿಂದ ಬರುತ್ತದೆ. ಎಟಿಆರ್‌ಗೆ ಅದಿಲ್ಲ. ಬಲಗಡೆ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಫ್ಯಾನ್ ತಿರುಗದ ಹಾಗೆ ಎಂಜಿನ್ ಮಾತ್ರ ಓಡಿಸಿ ಕರೆಂಟು ತಗೊಳ್ಳುತ್ತೇವೆ. ಹೋಟೆಲ್ ಮೋಡ್ ಅನ್ನುತ್ತಾರೆ. ಅದು ನಿಂತಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಕಾಕ್‌ಪಿಟ್ ಒಲೆಯ ಹಾಗೆ ಕಾಯುತ್ತದೆ. ಸುತ್ತ ಗಾಜು, ಮೇಲೆ ಬಿಸಿಲು. ಶರ್ಟು ಬೆನ್ನಿಗೆ ಅಂಟಿಕೊಂಡು, ಭುಜದ ಪಟ್ಟಿಯ ಕೆಳಗೆ ಉಪ್ಪಿನ ಗೆರೆ ಮೂಡಿರುತ್ತದೆ. ಇಪ್ಪತ್ತೈದು ನಿಮಿಷದಲ್ಲಿ ಜನ ಇಳಿದು, ಹೊಸಬರು ಹತ್ತಿ, ಮತ್ತೆ ಹೊರಡಬೇಕು. ತಿಂಡಿ ಡಬ್ಬಿ ಮಂಡಿಯ ಮೇಲೆ.

ಮೈಸೂರಿನ ರನ್‌ವೇ 1,740 ಮೀಟರ್. ಬೆಂಗಳೂರಿನದು 4,000. ಮೈಸೂರು ಏರ್‌ಪೋರ್ಟ್ ಇರುವ ಮಂಡಕಳ್ಳಿಯಲ್ಲಿ ಇಳಿಯುವವಳಿಗೆ ಆ ವ್ಯತ್ಯಾಸ ಮೈಮೇಲೆಯೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ. ಪೂರ್ವದಿಂದ ಇಳಿದು ಬರುವಾಗ ಬಲಗಡೆ ಕಿಟಕಿಯಲ್ಲಿ ಚಾಮುಂಡಿ ಬೆಟ್ಟ, ತಲೆಯ ಮೇಲೆ ಮೋಡ. ರನ್‌ವೇ ಒದ್ದೆ. ಮುಟ್ಟಬೇಕಾದ ಜಾಗದಲ್ಲೇ ಚಕ್ರ ಮುಟ್ಟಬೇಕು. ಇಲ್ಲ ಅಂದರೆ ಅನುಮಾನ ಇಲ್ಲದೆ ಮತ್ತೆ ಮೇಲೆದ್ದು ಸುತ್ತು ಹಾಕಿ ಬರಬೇಕು. ಅಂಥ ತೀರ್ಮಾನ ಮಾಡಲು ಎಚ್ಚರ ಇರುವ ತಲೆ ಬೇಕು ಸರ್.

ನನ್ನ ತಲೆ ಎಚ್ಚರ ಇಲ್ಲದ ಒಂದು ಬೆಳಗ್ಗೆ ಇದೆ. ನಾನು ಇನ್ನೂ ಫಸ್ಟ್ ಆಫೀಸರ್. ಸತತ ನಾಲ್ಕನೇ ದಿನ ನಸುಕಿನ ಡ್ಯೂಟಿ. ಹಿಂದಿನ ರಾತ್ರಿ ಹೋಟೆಲ್ ರೂಮಿನ ಪಕ್ಕ ಮದುವೆ, ಮೂರು ಗಂಟೆಯೂ ಮಲಗಿರಲಿಲ್ಲ. ಮೂರನೇ ಸೆಕ್ಟರ್‌ನಲ್ಲಿ ಕಂಟ್ರೋಲರ್ ಎಂಟು ಸಾವಿರ ಅಡಿಗೆ ಇಳಿಯಿರಿ ಅಂದರು. ನಾನು ಸ್ಪಷ್ಟವಾಗಿ, ಧೈರ್ಯವಾಗಿ ಆರು ಸಾವಿರ ಅಂತ ವಾಪಸ್ ಹೇಳಿದೆ. ಕೈ ಎತ್ತರದ ಗುಂಡಿಯಲ್ಲಿ ಆರು ಸಾವಿರವನ್ನೇ ತಿರುಗಿಸುತ್ತಿತ್ತು. ಕ್ಯಾಪ್ಟನ್ ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಬೈಯಲಿಲ್ಲ. "ನೀನು ಮಲಗಿದ್ದು ಯಾವಾಗ?" ಅಂತ ಮಾತ್ರ ಕೇಳಿದರು. ನನಗೆ ತಪ್ಪು ಕೇಳಿಸಿತು ಅಂತ ಈಗಲೂ ಅನಿಸುವುದಿಲ್ಲ. ಆರು ಅಂತಲೇ ಕೇಳಿಸಿತ್ತು. ಭಯ ಆಗುವುದು ಅದಕ್ಕೇ.

ಇಳಿದ ಮೇಲೆ ನಾಲ್ಕನೇ ಸೆಕ್ಟರ್ ಮಾಡಲ್ಲ, ಫಟೀಗ್, ಅಂದರೆ ವಿಪರೀತ ದಣಿವು ಅಂತ ಬರೆದುಕೊಟ್ಟೆ. ಹತ್ತು ನಿಮಿಷದಲ್ಲಿ ಶೆಡ್ಯೂಲಿಂಗ್‌ನಿಂದ ಫೋನು. "ಮೇಡಂ, ಫಟೀಗ್ ಅಂತ ಯಾಕೆ ಹಾಕ್ತೀರಾ, ಸಿಕ್ ಅಂತ ಹಾಕಿಬಿಡಿ." ಎರಡಕ್ಕೂ ಏನು ವ್ಯತ್ಯಾಸ ಅಂತ ನಿಮಗೆ ಅನಿಸಬಹುದು. ಸಿಕ್ ಅಂದರೆ ನನ್ನ ಹೊಟ್ಟೆನೋವು, ನನ್ನ ರಜೆಯಲ್ಲಿ ಹೋಗುತ್ತದೆ. ಫಟೀಗ್ ಅಂದರೆ ಅವರು ಹಾಕಿದ ಡ್ಯೂಟಿ ಪಟ್ಟಿಯ ತಪ್ಪು, ಅದು ದಾಖಲೆಗೆ ಹೋಗುತ್ತದೆ. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನ ಹತ್ತಿರ ಆ ಸೀಟಿಗೆ ಕೂರಿಸಲು ಇನ್ನೊಬ್ಬರು ಇರಲಿಲ್ಲ. ನಾನು ಫಟೀಗ್ ಅಂತಲೇ ಬಿಟ್ಟೆ. ಮುಂದಿನ ತಿಂಗಳು ನನಗೆ ಭಾನುವಾರದ ರಜೆ ಒಂದೂ ಬರಲಿಲ್ಲ.

ಆ ವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಆಲೆಮನೆಯಲ್ಲಿ ರಾತ್ರಿಯ ಪಾಕ ನಡೆಯುತ್ತಿತ್ತು. ಬೆಲ್ಲ ಮಾಡುವವರಿಗೆ ಗೊತ್ತು, ಕೊಪ್ಪರಿಗೆಯ ಹತ್ತಿರ ನಿಂತು ಹದ ನೋಡುವವನೇ ಮುಖ್ಯ. ಒಂದು ಚಣ ತಡವಾದರೆ ಪಾಕ ಕೆಡುತ್ತದೆ, ಕಾಲು ಜಾರಿದರೆ ಜೀವವೇ ಹೋಗುತ್ತದೆ. ಅಪ್ಪ ಅಂದರು, "ನಿದ್ದೆಗೆಟ್ಟೋನ ಕೈಗೆ ಪಾಕ ಕೊಡಬಾರ್ದು ಕಣವ್ವ. ಅವ್ನು ಬೇಡ ಅಂದ್ರೆ ಒಲೆ ಆರಿಸಬೇಕು." ಸೀಸನ್‌ನಲ್ಲಿ ಆಳು ಸಿಗದೆ ಎಷ್ಟೋ ಸಲ ಹಾಗೆ ಒಲೆ ಆರಿಸಿದ್ದನ್ನು ನಾನೇ ನೋಡಿದ್ದೇನೆ. ಕಬ್ಬು ಒಣಗಿ ನಷ್ಟವೂ ಆಗಿದೆ.

ಸರ್ಕಾರಕ್ಕೂ ಇದು ಗೊತ್ತಾಗಿಲ್ಲ ಅಂತಲ್ಲ. 2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮ ತಂದಿತು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯಿತು. ರಾತ್ರಿ ಅನ್ನುವುದು ಬೆಳಗ್ಗೆ 5ರ ಬದಲು 6ರವರೆಗೆ ಅಂತಾಯಿತು. ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಪೈಲಟ್‌ಗಳ ಸಂಘಟನೆಗಳು ಕೋರ್ಟಿಗೆ ಹೋಗಿ ಹೋರಾಡಿದ ಮೇಲೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತವಾಗಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರ ಏನಾಯಿತು ಅಂತ ನೀವೂ ಟಿವಿಯಲ್ಲಿ ನೋಡಿರುತ್ತೀರಿ. ದೇಶದ ಅತಿ ದೊಡ್ಡ ಕಂಪನಿ ಇಂಡಿಗೋ ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಕೊನೆಗೆ ಆ ಕಂಪನಿಗೆ ರಾತ್ರಿಯ ನಿಯಮದಲ್ಲಿ ತಾತ್ಕಾಲಿಕ ವಿನಾಯಿತಿ ಕೊಟ್ಟರು. ಪೈಲಟ್‌ಗಳಿಗೆ ರಜೆ ಕೊಟ್ಟಿದ್ದಕ್ಕೆ ಹೀಗಾಯಿತು ಅಂತ ಆಗ ಕೆಲವರು ಹೇಳಿದ್ದು ಕೇಳಿ ನನಗೆ ತುಂಬಾ ನೋವಾಯಿತು. ನಿಯಮ ಬಂದಿದ್ದು ಎರಡು ವರ್ಷ ಮೊದಲೇ ಗೊತ್ತಿತ್ತಲ್ವಾ?

ಇದು ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ಅನ್ನುವ ಸಣ್ಣ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಅದೂ ನಮ್ಮದರ ಹಾಗೆ ಫ್ಯಾನಿನ ವಿಮಾನ, ಕ್ಯೂ 400. ವಿಮಾನ ಕೊಟ್ಟ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ಅದರ ಜೊತೆಗೆ ಇನ್ನೊಂದು ವಿಷಯ ಹೊರಬಂತು. ಫಸ್ಟ್ ಆಫೀಸರ್ ಆಗಿದ್ದ ಹುಡುಗಿ ಇರುತ್ತಿದ್ದದ್ದು ದೇಶದ ಇನ್ನೊಂದು ತುದಿಯ ಸಿಯಾಟಲ್‌ನಲ್ಲಿ. ಹಿಂದಿನ ರಾತ್ರಿಯೆಲ್ಲ ಕೊರಿಯರ್ ವಿಮಾನದಲ್ಲಿ ಕೂತು ನ್ಯೂಯಾರ್ಕ್ ಕಡೆಗೆ ಡ್ಯೂಟಿಗೆ ಬಂದಿದ್ದಳು. ಅವಳ ಸಂಬಳ ಅಲ್ಲಿನ ಲೆಕ್ಕದಲ್ಲಿ ತೀರಾ ಕಡಿಮೆ. ಆ ಸತ್ತವರ ಮನೆಯವರು ಬಿಡದೆ ಹೋರಾಡಿದರು. 2013ರಿಂದ ಅಲ್ಲಿ ಫಸ್ಟ್ ಆಫೀಸರ್‌ಗೂ 1,500 ಗಂಟೆ ಬೇಕು ಅಂತಾಯಿತು, 2014ರಲ್ಲಿ ವಿಶ್ರಾಂತಿಯ ನಿಯಮ ಬದಲಾಯಿತು. ಆಮೇಲೆ ಸಣ್ಣ ಕಂಪನಿಗಳಿಗೆ ಪೈಲಟ್ ಸಿಗದೆ ಹೋದರು. 2022ರಲ್ಲಿ ಸ್ಕೈವೆಸ್ಟ್ ಅನ್ನುವ ಕಂಪನಿ 29 ಸಣ್ಣ ಊರುಗಳಿಗೆ ವಿಮಾನ ನಿಲ್ಲಿಸುತ್ತೇವೆ ಅಂತ ನೋಟಿಸ್ ಕೊಟ್ಟಿತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್‌ನ ಸಣ್ಣ ಕಂಪನಿಗಳು ಹೊಸ ಫಸ್ಟ್ ಆಫೀಸರ್‌ನ ಸಂಬಳವನ್ನು ಗಂಟೆಗೆ 90 ಡಾಲರ್‌ಗೆ ಏರಿಸಿದವು. ಹದಿಮೂರು ವರ್ಷ ಮೊದಲೇ ಆ ಹುಡುಗಿಗೆ ಅದರ ಅರ್ಧ ಕೊಟ್ಟಿದ್ದರೆ ನ್ಯೂಯಾರ್ಕ್ ಕಡೆ ಒಂದು ರೂಮು ಮಾಡಿಕೊಂಡು ಮಲಗಿರುತ್ತಿದ್ದಳು ಅಂತ ನನಗೆ ಅನಿಸುತ್ತದೆ.

ಸಣ್ಣ ಕಂಪನಿಯ ಇನ್ನೊಂದು ಭಯ, ಕಂಪನಿಯೇ ಇರುತ್ತದೋ ಇಲ್ಲವೋ ಅನ್ನುವುದು. ಮೈಸೂರನ್ನೇ ನೋಡಿ. 2010ರಲ್ಲಿ ಮೊದಲು ಬಂದದ್ದು ಕಿಂಗ್‌ಫಿಷರ್, 2012ರಲ್ಲಿ ಕಂಪನಿಯೇ ನಿಂತಿತು. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಬಿಡುವ ಸರ್ಕಾರದ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಬಂತು, 2022ರಲ್ಲಿ ಅದೂ ಹಾರಾಟ ನಿಲ್ಲಿಸಿತು. ನಾನು ಕೆಲಸ ಮಾಡಿದ ಒಂದು ಕಡೆ ಮೂರು ತಿಂಗಳು ಸಂಬಳ ಬರಲಿಲ್ಲ. ಕಂತು ಮಾತ್ರ 5ನೇ ತಾರೀಖಿಗೆ ಸರಿಯಾಗಿ ಬರುತ್ತಿತ್ತು. ಆ ಮೂರೂ ತಿಂಗಳು ಯೂನಿಫಾರ್ಮ್ ಹಾಕಿಕೊಂಡು ಹೋಗಿ ಹಾರಿದೆವು. ಬಿಟ್ಟರೆ ಗಂಟೆ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನೀವು ಯಾಕೆ ಇನ್ನೂ ಹಾರುತ್ತೀರಿ ಅಂತ ಮಗ ಕೇಳಬಹುದು. ಮಳೆ ಮುಗಿದ ಮೇಲೆ ಮೈಸೂರಿಗೆ ಇಳಿಯುವಾಗ ಕನ್ನಂಬಾಡಿ ತುಂಬಿರುತ್ತದೆ, ಕೆಳಗೆ ನಾಲೆಗಳು, ಕಬ್ಬು, ಭತ್ತ. ನಮ್ಮ ಆಲೆಮನೆಯ ಹೊಗೆ ಯಾವ ಕಡೆ ಅಂತ ನಾನು ಹುಡುಕುತ್ತೇನೆ. ಹಿಂದೆ ಎಪ್ಪತ್ತು ಜನ ನನ್ನನ್ನು ನಂಬಿ ಕೂತಿರುತ್ತಾರೆ. ಈ ಕೆಲಸ ನನಗೆ ಜೀವ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈಗ ಮಾಡಬೇಕಾದದ್ದು. ಮೊದಲು ಮೆಡಿಕಲ್. ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಕ್ಲಾಸ್ 2, ಆಮೇಲೆ ಕ್ಲಾಸ್ 1. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ, ಕ್ಲಾಸ್ 1 ಅಲ್ಲಿ ಮಾಡಿಸಬಹುದು. ಕಣ್ಣಿನ ಬಣ್ಣದ ದೋಷವೋ, ಹೃದಯದ ಸಣ್ಣ ತೊಂದರೆಯೋ ಇದ್ದರೆ ಅಲ್ಲೇ ಗೊತ್ತಾಗಲಿ. ಫೀಸು ಕಟ್ಟಿದ ಮೇಲೆ ಗೊತ್ತಾದವರನ್ನು ನಾನು ನೋಡಿದ್ದೇನೆ. ಕ್ಲಾಸ್ 1 ಕೈಗೆ ಬರುವವರೆಗೆ ಯಾವ ಫ್ಲೈಯಿಂಗ್ ಸ್ಕೂಲಿಗೂ ಅಡ್ವಾನ್ಸ್ ಕೊಡಬೇಡಿ.

ಆಮೇಲೆ ಹಾರುವ ಮೊದಲೇ ಡಿಜಿಸಿಎ ಪರೀಕ್ಷೆ ಬರೆಸಿ. ನ್ಯಾವಿಗೇಷನ್, ಹವಾಮಾನ, ನಿಯಮಗಳು, ಟೆಕ್ನಿಕಲ್. ನೂರಕ್ಕೆ 70 ಬಂದರೆ ಪಾಸು. ಮನೆಯಲ್ಲೇ ಕೂತು ಓದಬಹುದು, ಖರ್ಚು ಹಾರಾಟದ ಮುಂದೆ ಏನೂ ಅಲ್ಲ. ಅವನ ಹಟ ಎಷ್ಟು ಗಟ್ಟಿ ಅಂತ ನಿಮಗೂ ಅವನಿಗೂ ಅಲ್ಲೇ ತಿಳಿಯುತ್ತದೆ. ಅದರ ಜೊತೆ ಒಂದು ಡಿಗ್ರಿಗೂ ಸೇರಿಸಿ. ನನ್ನನ್ನು ಆ ಎರಡೂವರೆ ವರ್ಷ ಸಾಕಿದ್ದು ಬಿಎಸ್ಸಿ.

ದುಡ್ಡಿನ ವಿಷಯದಲ್ಲಿ ನನ್ನ ಲೆಕ್ಕ ಇಷ್ಟು. ಸಿಪಿಎಲ್‌ಗೆ ಈಗ 50 ಲಕ್ಷದ ಮೇಲೆ ಹಿಡಿದುಕೊಳ್ಳಿ, ಟೈಪ್ ರೇಟಿಂಗ್ ಬೇರೆ. ಕೆಲಸ ಇಲ್ಲದೆ ಮೂರು ವರ್ಷ ಕಂತು ಕಟ್ಟಲು ನಿಮ್ಮಿಂದ ಆಗುತ್ತದಾ ನೋಡಿ. ಆ ಎರಡು ಎಕರೆಯೇ ಮನೆಯ ಅನ್ನ ಆಗಿದ್ದರೆ ಮುಟ್ಟಬೇಡಿ. ಬೇರೆ ಆದಾಯ ಇದ್ದು, ಎರಡರಲ್ಲಿ ಒಂದು ಎಕರೆ ಸಾಕು ಅಂತಿದ್ದರೆ ಯೋಚಿಸಬಹುದು. ಟೈಪ್ ರೇಟಿಂಗ್‌ಗೆ ಮಾತ್ರ ಕೈಯಲ್ಲಿ ಆಫರ್ ಲೆಟರ್ ಇಲ್ಲದೆ ಒಂದು ರೂಪಾಯಿಯೂ ಹಾಕಬೇಡಿ. ಬಾಂಡ್ ಬರೆಸಿಕೊಂಡರೆ ಎಷ್ಟು ವರ್ಷ, ಎಷ್ಟು ದುಡ್ಡು, ಕಂಪನಿಯೇ ಮುಚ್ಚಿದರೆ ಬಾಂಡ್ ಏನಾಗುತ್ತದೆ ಅಂತ ಒಬ್ಬ ವಕೀಲರಿಗೆ ತೋರಿಸಿ.

ಮಗನ ಕ್ಲಾಸ್ 1 ರಿಪೋರ್ಟ್ ಬಂದ ಮೇಲೆ ಇದೇ ಉತ್ತರದ ಕೆಳಗೆ ಬರೆಯಿರಿ. ಯಾವ ಸ್ಕೂಲು, ಅಲ್ಲಿ ಎಷ್ಟು ವಿಮಾನ ನಿಜವಾಗಿ ಹಾರುವ ಸ್ಥಿತಿಯಲ್ಲಿವೆ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಹುಡುಗರು ಅಂತ ಏನೇನು ಕೇಳಬೇಕೋ ನಾನು ಹೇಳುತ್ತೇನೆ. ರಾತ್ರಿ ಎಂಟರ ಮೇಲೆ ಬರೆದರೆ ಉತ್ತರ ಮಾರನೇ ದಿನ ಬರುತ್ತದೆ. ನಸುಕಿನ ಡ್ಯೂಟಿ ಇದ್ದಾಗ ಎಂಟಕ್ಕೆ ಮಲಗಿಬಿಡುತ್ತೇನೆ.